ಮುಯ್ಯಾಳಿನ ಬಾಕಿ

ಕೆರೆ ಏರಿ ರಾಗಿ ಹೊಲದ ನಡುವೆ ಬಂದು ನಿಂತಿತ್ತು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟೊಂದನ್ನು ಸ್ಕ್ಯಾನ್ ಮಾಡಿ, ಕ್ಯೂಜಿಐಎಸ್ ಎಂಬ ಮುಕ್ತ ನಕಾಶೆ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದ ಮೊದಲ ದಿನದ ಮಾತಿದು. ಕೆರೆ, ಗುಡಿ, ಗಾಡಿದಾರಿ ಎಲ್ಲವೂ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿದ್ದವು, ಊರಿಗೆ ಊರೇ ರಾತ್ರೋರಾತ್ರಿ ಗುಳೆ ಹೊರಟ ಹಾಗೆ. ತಪ್ಪು ತಂತ್ರಾಂಶದ್ದಲ್ಲ, ನನ್ನದೇ. ಹಳೆಯ ಟೋಪೋಶೀಟುಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಲೆಕ್ಕವನ್ನು ಹಿಡಿದಿವೆ. ಜಿಪಿಎಸ್, ಉಪಗ್ರಹಗಳದ್ದು ಡಬ್ಲ್ಯುಜಿಎಸ್ 84. ಎರಡೂ ಒಂದೇ ಎಂದು ನಾನು ಹೇಳಿಬಿಟ್ಟಿದ್ದೆ, ಅದು ನಂಬಿತ್ತು. ಸರಿಯಾದ ಹೆಸರು ಆರಿಸಿದ ಕೂಡಲೇ ಏರಿ ಎದ್ದು ತನ್ನ ಜಾಗಕ್ಕೆ ಹೋಗಿ ಕೂತಿತು.

ಆ ಒಂದು ಕ್ಲಿಕ್ಕಿನ ಹಿಂದೆ ಯಾರು ಯಾರು ದುಡಿದಿದ್ದಾರೆ ಎಂದು ಅವತ್ತು ಕೇಳಿಕೊಳ್ಳಲಿಲ್ಲ. ಕ್ಯೂಜಿಐಎಸ್ ಹುಟ್ಟಿ ಎರಡು ದಶಕ ದಾಟಿದ ಈ ಹೊತ್ತಿನಲ್ಲಿ ಆ ಲೆಕ್ಕ ತೆಗೆಯಬೇಕು ಅನ್ನಿಸುತ್ತಿದೆ.

ಜಾಗವನ್ನು ಒಂದು ಲೆಕ್ಕದಿಂದ ಇನ್ನೊಂದಕ್ಕೆ ಬದಲಿಸುವ ಕೆಲಸ ಪ್ರೋಜ್ ಎಂಬ ಸಣ್ಣ ತಂತ್ರಾಂಶದ್ದು. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯ ಜೆರಾಲ್ಡ್ ಎವೆಂಡನ್ 1980ರ ದಶಕದ ಆರಂಭದಲ್ಲಿ ಅದನ್ನು ಬರೆದರು. ಅದೇ ಹೊತ್ತಿಗೆ, 1982ರಲ್ಲಿ, ಇಲಿನಾಯ್‌ನಲ್ಲಿದ್ದ ಅಮೆರಿಕದ ಸೇನಾ ಎಂಜಿನಿಯರುಗಳ ಪ್ರಯೋಗಾಲಯದಲ್ಲಿ ಗ್ರಾಸ್ ಶುರುವಾಯಿತು. ಸೇನೆಯ ವಶದಲ್ಲಿದ್ದ ನೆಲವನ್ನು ನೋಡಿಕೊಳ್ಳಲು ಸೇನೆಯೇ ಕಟ್ಟಿಸಿದ ತಂತ್ರಾಂಶ ಅದು. 1987ರಲ್ಲಿ ಅದರ ಪರಿಚಯಕ್ಕೊಂದು ಚಿತ್ರ ತೆಗೆದಾಗ ಧ್ವನಿ ಕೊಟ್ಟವರು ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್, ವಿಲಿಯಂ ಶಾಟ್ನರ್! 90ರ ದಶಕದ ನಡುವೆ ಸೇನೆ ಕೈಬಿಟ್ಟಿತು. ಅನಾಥವಾದ ಗ್ರಾಸ್ ಅನ್ನು ಜರ್ಮನಿಯ ಹ್ಯಾನೋವರ್‌ನಲ್ಲಿ ಮಾರ್ಕುಸ್ ನೆಟೆಲರ್ ಮತ್ತು ಸಂಗಡಿಗರು ಎತ್ತಿಕೊಂಡು ಸಾಕಿದರು. 1999ರಲ್ಲಿ ಅದು ಜಿಪಿಎಲ್ ಪರವಾನಗಿಯಡಿ ಎಲ್ಲರದ್ದಾಯಿತು. 1998ರಲ್ಲಿ ಫ್ರಾಂಕ್ ವಾರ್ಮರ್‌ಡ್ಯಾಮ್ ಜಿಡಾಲ್ ಆರಂಭಿಸಿದ್ದರು. ಯಾವ ಕಂಪನಿಯ ಯಾವ ಫೈಲು ಕೊಟ್ಟರೂ ಓದಿ ಹೇಳುವ ದುಭಾಷಿ ಅದು. 2001ರಲ್ಲಿ ಕೆನಡಾದಿಂದ ನಕಾಶೆಗಳ ಉಗ್ರಾಣವಾದ ಪೋಸ್ಟ್‌ಜಿಐಎಸ್ ಬಂತು. ಅದರಲ್ಲಿದ್ದ ನಕಾಶೆಗಳನ್ನು ಲಿನಕ್ಸ್‌ನಲ್ಲಿ ಸುಮ್ಮನೆ ತೆರೆದು ನೋಡಲು ಒಂದು ಕಿಟಕಿ ಬೇಕಿತ್ತು ಅಲಾಸ್ಕಾದ ಗ್ಯಾರಿ ಶೆರ್ಮನ್‌ಗೆ. 2002ರಲ್ಲಿ ಬಿಡುವಿನ ವೇಳೆಯಲ್ಲಿ ಅವರು ಬರೆದ ಆ ಕಿಟಕಿಯೇ ಕ್ವಾಂಟಮ್ ಜಿಐಎಸ್. 2013ರಲ್ಲಿ ‘ಕ್ವಾಂಟಮ್’ ಬಿಟ್ಟು ಬರೀ ಕ್ಯೂ ಉಳಿಯಿತು.

ಈ ವಂಶಾವಳಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹುಟ್ಟಿದ ವರ್ಷಗಳಲ್ಲ, ಒಂದರ ಹೆಗಲ ಮೇಲೆ ಇನ್ನೊಂದು ಕೂತಿರುವ ರೀತಿ. ಕ್ಯೂಜಿಐಎಸ್ ತೆರೆದವರಿಗೆ ಕಾಣುವುದು ಗುಂಡಿಗಳು, ಬಣ್ಣಗಳು. ಕೆಳಗೆ ಜಿಡಾಲ್ ಓದುತ್ತಿರುತ್ತದೆ, ಅದರ ಕೆಳಗೆ ಪ್ರೋಜ್ ಲೆಕ್ಕ ಹಾಕುತ್ತಿರುತ್ತದೆ. ತಳಪಾಯಕ್ಕೆ ಹೋದಷ್ಟೂ ದುಡಿಯುವವರ ಸಂಖ್ಯೆ ಕಡಿಮೆ. ಲೋಕದ ಅರ್ಧ ನಕಾಶೆ ಕೆಲಸ ನಿಂತಿರುವ ಜಿಡಾಲ್‌ನ ಭಾರವನ್ನು ವಾರ್ಮರ್‌ಡ್ಯಾಮ್ ನಂತರ ಬಹುಪಾಲು ಹೊತ್ತವರು ಎವೆನ್ ರುವೊ ಎಂಬ ಒಬ್ಬರೇ ಒಬ್ಬರು. ಅವರು ಮತ್ತು ಗೆಳೆಯರು 2018ರಲ್ಲಿ ಹಳೆಯ ಅಕ್ಷಾಂಶ-ರೇಖಾಂಶ ಲೆಕ್ಕದ ಭಾಗವನ್ನು ಬುಡದಿಂದ ಕಟ್ಟಲು ಚಂದಾ ಎತ್ತಿದರು. ಅದಕ್ಕೆ ಇಟ್ಟ ಹೆಸರು ‘ಜಿಡಾಲ್ ಬಾರ್ನ್’. ಅಮೆರಿಕದ ರೈತರು ಊರೆಲ್ಲ ಸೇರಿ ಒಬ್ಬರ ಕಣಜ ಎಬ್ಬಿಸಿಕೊಡುತ್ತಿದ್ದ ಪದ್ಧತಿಯಿಂದ ಬಂದ ಹೆಸರಿದು. ಫಲವಾಗಿ 2019ರಲ್ಲಿ ಹೊಸ ಪ್ರೋಜ್, ಹೊಸ ಜಿಡಾಲ್ ಹೊರಬಂದವು. ಮುಂದೆ 2021ರಲ್ಲಿ ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್ ಜೊತೆಗೆ, ಪೇಟೆಯಲ್ಲಿ ದುಡ್ಡಿಗೆ ನಕಾಶೆ ತಂತ್ರಾಂಶ ಮಾರುವ ಎಸ್ರಿಯೂ ಜಿಡಾಲ್‌ನ ನಿರ್ವಹಣೆಗೆ ಹಣ ಕೊಡಲು ಮುಂದಾಯಿತು. ಅವರ ಸರಕೂ ಆ ದುಭಾಷಿಯನ್ನು ನಂಬಿದೆಯಲ್ಲ!

ಹೀಗೆ ಒಬ್ಬರ ಕೆಲಸಕ್ಕೆ ಎಲ್ಲರೂ ಕೈಜೋಡಿಸುವುದು ನಮಗೆ ಹೊಸದೇನಲ್ಲ. ನಾಟಿ ಕಾಲದಲ್ಲಿ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಿಮ್ಮ ನಾಟಿಯ ದಿನ ನಮ್ಮ ಮನೆಯಿಂದ ಇಬ್ಬರು ಹೋಗಲೇಬೇಕು. ಕೂಲಿಯ ಮಾತಿಲ್ಲ, ಚೀಟಿಯಿಲ್ಲ. ಮುಯ್ಯಾಳಿನ ಲೆಕ್ಕ ಬಾಯಲ್ಲೇ ಪಕ್ಕಾ. ಆ ಲೆಕ್ಕ ಹಿಡಿದು ನೋಡಿದರೆ ನಾವು ಎಲ್ಲಿದ್ದೇವೆ?

ಪೂರ್ತಿ ಕೈಕಟ್ಟಿ ಕೂತಿಲ್ಲ ಅನ್ನುವುದು ಸತ್ಯ. ಮುಕ್ತ ನಕಾಶೆ ತಂತ್ರಾಂಶದವರ ಜಾಗತಿಕ ಸಮ್ಮೇಳನ ಫಾಸ್ ಫಾರ್ ಜಿ ಇನ್ನೂ ಆ ರೂಪ ತಳೆಯುವ ಮೊದಲು, 2004ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸಭೆಯ ಹಿಂದೆ ಜಪಾನಿನ ಒಸಾಕಾದಲ್ಲಿ ಪಾಠ ಹೇಳುತ್ತಿದ್ದ ವೆಂಕಟೇಶ್ ರಾಘವನ್ ಇದ್ದರು. ಈ ಲೋಕದ ದೊಡ್ಡ ಗೌರವವಾದ ಸಾಲ್ ಕಾಟ್ಸ್ ಪ್ರಶಸ್ತಿ 2012ರಲ್ಲಿ ಅವರಿಗೆ ಬಂತು. ಗ್ಯಾರಿ ಶೆರ್ಮನ್‌ಗೆ ಅದು ಸಿಕ್ಕಿದ್ದು ಇನ್ನೆರಡು ವರ್ಷದ ನಂತರ. ಅಂತರ್ಜಾಲ ಕುಂಟುತ್ತಿದ್ದ ದಿನಗಳಲ್ಲಿ ಗ್ರಾಸ್‌ನ ಭಾರತೀಯ ಪ್ರತಿ ಇಳಿಸಿಕೊಳ್ಳಲು ಸಿಗುತ್ತಿದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ. ಪಶ್ಚಿಮ ಘಟ್ಟ, ಬೆಂಗಳೂರಿನ ಕೆರೆಗಳ ಬಗ್ಗೆ ಟಿ.ವಿ. ರಾಮಚಂದ್ರ ಅವರ ತಂಡ ಅಲ್ಲಿಂದಲೇ ಕೆಲಸ ಮಾಡಿತು. ಬೆಂಗಳೂರಿನಲ್ಲೇ ಮೊಳೆತ ಡೇಟಾಮೀಟ್ ಬಳಗ ಸರ್ಕಾರಿ ಪಿಡಿಎಫ್‌ಗಳಲ್ಲಿ ಹುದುಗಿದ್ದ ಗಡಿಗಳನ್ನು ಕೈಯಾರೆ ಬಿಡಿಸಿ ಎಲ್ಲರಿಗೂ ಹಂಚಿತು.

ಬೇಲಿಗಳೂ ಕಡಿಮೆಯಿರಲಿಲ್ಲ. 2016ರಲ್ಲಿ ಕೇಂದ್ರ ಗೃಹ ಇಲಾಖೆ ಹೊರಡಿಸಿದ ಕರಡು ಮಸೂದೆಯ ಪ್ರಕಾರ ಅನುಮತಿಯಿಲ್ಲದೆ ನಕಾಶೆ ಮಾಹಿತಿ ಇಟ್ಟುಕೊಂಡರೆ 100 ಕೋಟಿ ರೂಪಾಯಿವರೆಗೆ ದಂಡ, 7 ವರ್ಷದವರೆಗೆ ಜೈಲು. ನಮ್ಮೂರ ಕೆರೆಯ ಗೆರೆ ಎಳೆಯುವ ಹುಡುಗನಿಗೆ ಆ ಅಂಕಿ ಓದುವುದಕ್ಕೇ ಬರುತ್ತಿರಲಿಲ್ಲ. ಗದ್ದಲವೆದ್ದು ಅದು ಮೂಲೆ ಸೇರಿತು. ಮರುವರ್ಷ ಸರ್ವೆ ಆಫ್ ಇಂಡಿಯಾ ತನ್ನ ಟೋಪೋಶೀಟುಗಳನ್ನು ಪುಕ್ಕಟೆ ಬಿಟ್ಟಿತು, ಆದರೆ ಬಾಗಿಲಲ್ಲಿ ಆಧಾರ್ ತೋರಿಸಬೇಕಿತ್ತು. 2021ರ ಫೆಬ್ರವರಿ 15ರ ಮಾರ್ಗಸೂಚಿ ಬಂದ ಮೇಲೆ ಭಾರತೀಯರು ನಕಾಶೆ ತಯಾರಿಸಲು ಮುಂಚಿತವಾಗಿ ಅಪ್ಪಣೆ ಕೇಳಬೇಕಿಲ್ಲ.

ಹೀಗೆ ದಾರಿ ತೆರೆದ ಮೇಲೂ ನಮ್ಮ ಕಡೆಯಿಂದ ಹೋದ ಆಳು ಎಷ್ಟು? ನಾನು ಕಂಡ ಬಹುಪಾಲು ಕಚೇರಿ, ಕಾಲೇಜುಗಳಲ್ಲಿ ಮುಕ್ತ ತಂತ್ರಾಂಶ ಎಂದರೆ ‘ಲೈಸೆನ್ಸ್ ದುಡ್ಡು ಉಳಿಯಿತು’ ಎಂಬಷ್ಟೇ ಅರ್ಥ. ಉಳಿದ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲೂ ವಾಪಸ್ ಹೋದದ್ದನ್ನು ನಾನು ನೋಡಿಲ್ಲ. ಕ್ಯೂಜಿಐಎಸ್‌ನ ಆವೃತ್ತಿಗಳಿಗೆ ಊರುಗಳ, ಹೆಚ್ಚಾಗಿ ಅದನ್ನು ಕಟ್ಟುವವರನ್ನು ಕರೆಸಿ ಸಭೆ ನಡೆಸಿದ ಊರುಗಳ, ಹೆಸರಿಡುವ ರೂಢಿಯಿದೆ: ಶೆರ್ಮನ್ ಅವರ ಅಲಾಸ್ಕಾದ ಚುಗಿಯಾಕ್, ಗಿರೋನಾ, ಜಂಜಿಬಾರ್, ಪ್ರಿಜ್ರೆನ್. ನಮ್ಮ ದೇಶದ ಒಂದು ಊರೂ ಆ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಇದು ದೂರಲ್ಲ. ಕರೆದು ಊಟ ಹಾಕದವರ ಮನೆ ಹೆಸರು ಯಾರಿಗೆ ನೆನಪಿರುತ್ತದೆ?

ಕನ್ನಡದ ವಿಷಯಕ್ಕೆ ಬಂದರೆ ಬಾಕಿ ಇನ್ನೂ ಎದ್ದು ಕಾಣುತ್ತದೆ. ತಾಲ್ಲೂಕು ಕೇಂದ್ರವೊಂದರ ತರಬೇತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ತನ್ನ ನಕಾಶೆಯ ಪಟ್ಟಿಯಲ್ಲಿ ಕಾಲಂಗೆ ‘ಊರು’ ಎಂದು ಹೆಸರಿಟ್ಟಳು. ಸರಿಯಾಗಿ ಉಳಿಯಿತು. ಪಕ್ಕದ ಕಾಲಂಗೆ ‘ಕೆರೆ’ ಎಂದಳು. ಉಳಿಸಿ ಮತ್ತೆ ತೆರೆದಾಗ ಬಾಲ ಕಳಚಿತ್ತು. ‘ಸರ್, ಊರು ಇದೆ, ಕೆರೆ ಅರ್ಧ ಒತ್ತುವರಿ ಆಗಿದೆ’ ಅಂದಳು, ತರಗತಿ ನಕ್ಕಿತು. ಕಾರಣ ಸರಳ. ಶೇಪ್‌ಫೈಲ್ ಎಂಬ ಹಳೆಯ ಕಡತದ ಹೊಟ್ಟೆಯಲ್ಲಿರುವುದು ಡಿಬೇಸ್ ಕಾಲದ ಕೋಷ್ಟಕ. ಕಾಲಂ ಹೆಸರಿಗೆ ಅದರಲ್ಲಿ ಹತ್ತೇ ಬೈಟ್ ಜಾಗ. ಯುನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಊ, ರ, ಕೊಂಬು ಸೇರಿ ‘ಊರು’ ಒಂಬತ್ತಕ್ಕೆ ಮುಗಿಯುತ್ತದೆ. ‘ಕೆರೆ’ಗೆ ಎರಡು ಅಕ್ಷರ, ಎರಡು ಎತ್ವ, ಒಟ್ಟು ಹನ್ನೆರಡು. ‘ಗ್ರಾಮ’ ಹದಿನೈದು, ಒತ್ತಕ್ಷರಕ್ಕೆ ಅಲ್ಲಿ ದಿಕ್ಕೇ ಇಲ್ಲ.

ಮದ್ದು ಇದೆ. 2014ರಲ್ಲಿ ರೂಪುಗೊಂಡ ಜಿಯೋಪ್ಯಾಕೇಜ್ ಕಡತಕ್ಕೆ ಈ ಇಕ್ಕಟ್ಟಿಲ್ಲ. 2018ರ ಕ್ಯೂಜಿಐಎಸ್ 3 ಬಂದಾಗಿನಿಂದ ಅದನ್ನೇ ಮುಂದಿಡುತ್ತಿದೆ. ಆದರೂ ನಮ್ಮಲ್ಲಿ ಕೈಯಿಂದ ಕೈಗೆ ದಾಟುವುದು ಶೇಪ್‌ಫೈಲೇ, ಅದರೊಳಗೆ ನುಡಿ ಫಾಂಟಿನಲ್ಲಿ ತುಂಬಿದ ಹಳ್ಳಿ ಹೆಸರುಗಳು ಇಂಗ್ಲಿಷ್ ಅಕ್ಷರಗಳ ಜಾತ್ರೆಯಾಗಿ ತೆರೆದುಕೊಳ್ಳುತ್ತವೆ. ಯಾವ ಕಡತದಲ್ಲಿ ಕೊಡಬೇಕು ಎಂದು ತಿಳಿಸುವ ಎರಡು ಪುಟದ ಕನ್ನಡ ಕೈಪಿಡಿ ಬರೆಯಲು ಪ್ರೋಗ್ರಾಮಿಂಗ್ ಬರಬೇಕಿಲ್ಲ. ದೋಷ ಕಂಡಾಗ ಹೇಗೆ ಕಂಡಿತು ಎಂದು ನಾಲ್ಕು ಸಾಲು ವರದಿ ಮಾಡಲೂ ಬರಬೇಕಿಲ್ಲ. ಆಳು ಕಳಿಸುವುದು ಅಂದರೆ ಇದೇ.

ಅದೇ ತರಬೇತಿಯ ಕೊನೆಯ ದಿನ ಕ್ಯೂಜಿಐಎಸ್‌ನ ಮೆನುಗಳನ್ನು ಕನ್ನಡಕ್ಕೆ ತರಲು ಕೂತೆವು. ‘ಲೇಯರ್’ ಪದರವಾಯಿತು, ತಕರಾರಿಲ್ಲ. ‘ಬಫರ್’ ಅರ್ಧ ಗಂಟೆ ನುಂಗಿತು, ಕೊನೆಗೂ ಬಫರ್ ಆಗಿಯೇ ಉಳಿಯಿತು. ‘ಸ್ನ್ಯಾಪಿಂಗ್’ ಬಂದಾಗ ಎಲ್ಲರೂ ಸುಮ್ಮನಾದರು. ಪಕ್ಕ ಪಕ್ಕದ ಎರಡು ಹೊಲ ಬಿಡಿಸುವಾಗ ನಡುವೆ ಸಂದು ಉಳಿಯದಂತೆ ಒಂದರ ಮೂಲೆ ಇನ್ನೊಂದರ ಮೂಲೆಗೆ ಕಚ್ಚಿಕೊಳ್ಳುವ ಸೌಲಭ್ಯ ಅದು. ಹಿಂದಿನ ಸಾಲಿನಲ್ಲಿ ನಿವೃತ್ತ ಸರ್ವೆಯರೊಬ್ಬರು ಕೂತಿದ್ದರು. 33 ಅಡಿ ಚೈನು ಹಿಡಿದು ಹೊಲ ಅಳೆದವರು, ಒಂದು ಚದರ ಚೈನು ಒಂದು ಗುಂಟೆ, 40 ಗುಂಟೆ ಒಂದು ಎಕರೆ ಎಂದು ಬೆಳಿಗ್ಗೆ ಹುಡುಗರಿಗೆ ಹೇಳಿಕೊಟ್ಟವರು. ಪರದೆಯ ಮೇಲೆ ಎರಡು ಮೂಲೆ ಕೂಡಿಕೊಳ್ಳುವುದನ್ನು ಇನ್ನೊಂದು ಸಲ ತೋರಿಸಿ ಅಂದರು. ತೋರಿಸಿದೆ.

‘ಇದಕ್ಕೇನು ಯೋಚನೆ ಮಾಡ್ತೀರಿ ಮೇಷ್ಟ್ರೆ? ಇಬ್ಬರ ಹೊಲಕ್ಕೂ ಒಂದೇ ಬಾಂದುಕಲ್ಲು. ಬಾಂದು ಕೂಡಿಸು ಅಂತ ಬರೀರಿ.’

ಬರೆದುಕೊಂಡೆವು.