ಆಟ ಕಟ್ಟಿದವನ ಕೊರಳಿಗೇ ತಮಟೆ

ಈಚಿನ ದಿನಗಳಲ್ಲಿ ಹೊಸದೊಂದು ಉಪದೇಶ ಹುಟ್ಟಿಕೊಂಡಿದೆ. ಒಬ್ಬರೋ ಇಬ್ಬರೋ ಸೇರಿ, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ, ಕೈಯಲ್ಲಿದ್ದ ಉಳಿತಾಯವನ್ನು ನೆಚ್ಚಿಕೊಂಡು, ತಮ್ಮ ಮನಸ್ಸಿಗೆ ಬಂದ ವೀಡಿಯೊ ಗೇಮ್ ಒಂದನ್ನು ಕಟ್ಟಲು ಹೊರಟರೆನ್ನಿ. ಅವರಿಗೆ ಮೊದಲು ಸಿಗುವ ಬುದ್ಧಿಮಾತು ಆಟವನ್ನು ಕುರಿತದ್ದಾಗಿರುವುದಿಲ್ಲ, ಪ್ರಚಾರವನ್ನು ಕುರಿತದ್ದಾಗಿರುತ್ತದೆ. ಎಕ್ಸ್‌ನಲ್ಲಿ ದಿನಕ್ಕೊಮ್ಮೆಯಾದರೂ ಬರೆಯಿರಿ, ಇನ್‌ಸ್ಟಾಗ್ರಾಮಿಗೆ ರೀಲ್ ಹಾಕಿ, ಯೂಟ್ಯೂಬಿಗೆ ಶಾರ್ಟ್ಸ್ ಮಾಡಿ, ರೆಡಿಟ್‌ನಲ್ಲಿ ಹರಟಿ, ಡಿಸ್ಕಾರ್ಡ್‌ನಲ್ಲಿ ಗುಂಪು ಕಟ್ಟಿ, ಶನಿವಾರ ತಪ್ಪದೆ ಆಟದ ಒಂದು ಚಿತ್ರ ತೋರಿಸಿ. ಇಷ್ಟು ನೇಮದಿಂದ ಶನಿವಾರದ ವ್ರತವನ್ನು ಹನುಮಂತನಿಗೆ ಮಾಡಿದ್ದರೆ ಪುಣ್ಯವಾದರೂ ಬರುತ್ತಿತ್ತು! ಆಟ ಆಮೇಲೆ, ಹಿಂಬಾಲಕರು ಮೊದಲು ಎಂಬುದು ಈ ಉಪದೇಶದ ಸಾರ. ಇದನ್ನು ಕೊಡುವವರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಉಪದೇಶ ಮಾತ್ರ ಕೆಟ್ಟದ್ದು. ಕಟ್ಟುವ ಕೈಗೆ ತಮಟೆ ಕೊಟ್ಟು ‘ಬಾರಿಸು’ ಎಂದರೆ ಕಟ್ಟುವ ಕೆಲಸ ನಿಲ್ಲುತ್ತದೆ. ಬಾರಿಸಿದ್ದರ ಲಾಭವೂ ಬೇರೆಯವರಿಗೆ ಹೋಗುತ್ತದೆ.

ವೀಡಿಯೊ ಗೇಮ್ ಎಂದರೆ ಮಕ್ಕಳ ಕಣ್ಣು ಕೆಡಿಸುವ ಯಂತ್ರ, ಅದರ ಗೊಡವೆ ನಮಗೇಕೆ ಎಂದು ಪುಟ ಮಗುಚಲು ಹೊರಟ ವಾಚಕರು ಒಂದು ಕ್ಷಣ ನಿಲ್ಲಬೇಕು. ೨೦೨೩ರಲ್ಲಿ ಕೆನಡಾದ ಟೊರಾಂಟೊದಿಂದ ‘ವೆಣ್ಬಾ’ ಎಂಬ ಪುಟ್ಟ ಆಟ ಬಂತು. ಎಂಬತ್ತರ ದಶಕದಲ್ಲಿ ತಮಿಳುನಾಡಿನಿಂದ ಅಲ್ಲಿಗೆ ವಲಸೆ ಹೋದ ಒಂದು ಸಂಸಾರದ ಕಥೆ ಅದು. ತಾಯಿಯ ತವರಿನಿಂದ ಬಂದ ಅಡುಗೆಯ ಪುಸ್ತಕ ಅಲ್ಲಲ್ಲಿ ಹರಿದಿದೆ, ಅಕ್ಷರಗಳು ಮಾಸಿವೆ. ಆಡುವವರು ಅಳಿದ ಸಾಲುಗಳನ್ನು ಊಹಿಸಿಕೊಂಡು ಇಡ್ಲಿ ಬೇಯಿಸಬೇಕು. ಅಷ್ಟರಲ್ಲಿ ಮಗ ಬೆಳೆಯುತ್ತಾನೆ, ಅವನ ನಾಲಗೆ ಇಂಗ್ಲಿಷಿಗೆ ತಿರುಗುತ್ತದೆ, ತಾಯಿಯ ಮಾತು ಅವನಿಗೆ ದೂರವಾಗುತ್ತದೆ. ಬ್ರಿಟನ್ನಿನ ಬಾಫ್ಟಾ ಸಂಸ್ಥೆ ೨೦೨೪ರಲ್ಲಿ ಇದಕ್ಕೆ ಚೊಚ್ಚಲ ಕೃತಿಯ ಪ್ರಶಸ್ತಿ ಕೊಟ್ಟಿತು. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ ೨೦೨೦ರಲ್ಲಿ ‘ರಾಜಿ’ ಎಂಬ ಆಟವನ್ನು ಹೊರತಂದಿತು. ಕಳೆದುಹೋದ ತಮ್ಮನನ್ನು ಹುಡುಕುತ್ತ ಹೊರಟ ಹುಡುಗಿಯೊಬ್ಬಳ ಕಥೆಯನ್ನು ಅದರಲ್ಲಿ ದುರ್ಗೆಯೂ ವಿಷ್ಣುವೂ ನಿರೂಪಿಸುತ್ತಾರೆ. ಇವು ನಮ್ಮ ಕಥೆ, ಕಾದಂಬರಿ, ನಾಟಕಗಳ ಪಕ್ಕದಲ್ಲಿ ಕುಳಿತುಕೊಳ್ಳಲು ಯೋಗ್ಯವಾದ ಕೃತಿಗಳು. ಇಂಥವನ್ನು ಕಟ್ಟುವವರ ಕಷ್ಟ ಸಾಹಿತ್ಯದ ಪುಟಕ್ಕೆ ಸಲ್ಲದ ವಿಷಯವೇನೂ ಅಲ್ಲ.

ಉಪದೇಶಕ್ಕೆ ಕಾರಣವಿಲ್ಲವೆನ್ನಲಾಗದು. ಗಣಕಯಂತ್ರದ ಆಟಗಳ ಅತಿ ದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ ೨೦೧೭ರಿಂದ ಈಚೆಗೆ ಆಟವೊಂದಕ್ಕೆ ನೂರು ಡಾಲರ್ ಕಟ್ಟಿದರೆ ಯಾರು ಬೇಕಾದರೂ ಸರಕು ಇಡಬಹುದು. ಮಾರಾಟವಾದದ್ದರಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಪಾಲು ಅಂಗಡಿಯವನದು. ೨೦೨೪ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಹೊಸ ಆಟಗಳು ೧೮,೦೦೦ಕ್ಕೂ ಹೆಚ್ಚು. ದಿನಕ್ಕೆ ಸುಮಾರು ಐವತ್ತು! ಈ ಜಾತ್ರೆಯಲ್ಲಿ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತವನ ಕಡೆ ಯಾರು ತಿರುಗಿ ನೋಡಿಯಾರು? ‘ಕೂಗದಿದ್ದರೆ ಕೊಳ್ಳುವವರಿಲ್ಲ’ ಎಂದು ಉಪದೇಶಕರು ಹೇಳುತ್ತಾರೆ.

ಕೂಗಿ ಮಾರುವುದು ಅವಮಾನವೆಂದು ನಾನೂ ತಿಳಿದಿಲ್ಲ. ಗಳಗನಾಥರು ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ನಾಡು ನಮ್ಮದು. ಆ ಗಂಟಿನ ಭಾರದಿಂದ ಕನ್ನಡದ ವಾಚಕವರ್ಗವೊಂದು ಹುಟ್ಟಿತು. ‘ಹಾಗಾದರೆ ಇಂದಿನ ಆಟ ಕಟ್ಟುವವರು ಮಾಡುತ್ತಿರುವುದೂ ಅದೇ ತಾನೆ?’ ಎಂದು ಯಾರಾದರೂ ಕೇಳಬಹುದು. ಅಲ್ಲವೇ ಅಲ್ಲ. ಗಳಗನಾಥರು ನಡೆದದ್ದು ಸಾರ್ವಜನಿಕ ರಸ್ತೆಯಲ್ಲಿ. ಅವರು ಬಾಗಿಲು ತಟ್ಟಿದ ಮನೆಯ ಯಜಮಾನ ಎದುರಿಗೆ ಬರುತ್ತಿದ್ದ. ಬೇಕು ಎನ್ನುತ್ತಿದ್ದ, ಬೇಡ ಎನ್ನುತ್ತಿದ್ದ. ಮುಂದಿನ ವರ್ಷ ಅದೇ ಹಾದಿಯಲ್ಲಿ ಅದೇ ಮನೆಗೆ ಮತ್ತೆ ಹೋಗಬಹುದಾಗಿತ್ತು. ಮನೆಗೂ ಅವರಿಗೂ ನಡುವೆ ನಿಂತು, ಇಂದು ಹತ್ತು ಮನೆಗೆ ಬಿಡುತ್ತೇನೆ, ನಾಳೆ ಎರಡಕ್ಕೆ, ಹಣ ಕೊಟ್ಟರೆ ನೂರಕ್ಕೆ ಎನ್ನುವ ಕಟ್ಟೆಯವನು ಇರಲಿಲ್ಲ.

ಇಂದಿನ ಹಾದಿಗೆ ಒಡೆಯನಿದ್ದಾನೆ; ಅವನು ಮನಸ್ಸು ಬಂದಾಗ ಹಾದಿಯನ್ನು ತಿರುಗಿಸುತ್ತಾನೆ. ಉದಾಹರಣೆಗಳಿಗೆ ಬರವಿಲ್ಲ. ‘ಫಾರ್ಮ್‌ವಿಲ್’ ಎಂಬ ಆಟ ೨೦೦೯ರಲ್ಲಿ ಫೇಸ್‌ಬುಕ್ಕಿನ ಮೇಲೆ ಬೆಳೆದು ಕೋಟ್ಯಂತರ ಜನರ ಮನೆ ಹೊಕ್ಕಿತು. ಮರುವರ್ಷ ಫೇಸ್‌ಬುಕ್ ಆಟಗಳ ಪ್ರಕಟಣೆಗಳಿಗೆ ಕಡಿವಾಣ ಹಾಕಿದ ಮೇಲೆ ಆಡುವವರ ಸಂಖ್ಯೆ ಇಳಿಯಿತು. ಅದರ ಒಡೆಯರಾದ ಜಿಂಗಾ ಕಂಪನಿಯವರು ಬಡಪಾಯಿಗಳಲ್ಲ. ಅವರ ಪಾಡೇ ಹೀಗಾದರೆ ಒಂಟಿ ಕೆಲಸಗಾರನ ಪಾಡೇನು? ೨೦೨೦ರ ಜೂನ್ ೨೯ರಂದು ನಮ್ಮ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ನಿಷೇಧ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಅಲ್ಲಿ ವರ್ಷಗಟ್ಟಲೆ ದುಡಿದು ಹಿಂಬಾಲಕರನ್ನು ಕೂಡಿಸಿಕೊಂಡವರ ಆಸ್ತಿ ಒಂದೆರಡು ದಿನದಲ್ಲಿ ಆವಿಯಾಯಿತು. ಆಟ ಕಟ್ಟುವವರ ಅಚ್ಚುಮೆಚ್ಚಿನ ಕಟ್ಟೆಯಾಗಿದ್ದ ಟ್ವಿಟರ್ ೨೦೨೨ರ ಅಕ್ಟೋಬರಿನಲ್ಲಿ ಕೈ ಬದಲಾಯಿಸಿ ಮರುವರ್ಷ ಎಕ್ಸ್ ಆಯಿತು. ಹಣ ತೆತ್ತವರ ಉತ್ತರಗಳಿಗೆ ಅಲ್ಲಿ ಮುಂದಿನ ಪಂಕ್ತಿ ಎಂದಾಯಿತು. ಹತ್ತು ವರ್ಷ ಅಲ್ಲಿ ಕುಳಿತು ಸ್ನೇಹ ಸಂಪಾದಿಸಿದವನನ್ನು ಯಾರೂ ಕೇಳಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆಂಬುದನ್ನು ನಮ್ಮ ಹಿರಿಯರು ಎಂದೋ ಹೇಳಿದ್ದಾರೆ. ಈಗಿನ ಸುಂಕದವನು ಇನ್ನೂ ಜಾಣ. ಸುಖದುಃಖವನ್ನೂ ಸರಕಾಗಿ ಮಾಡಿ, ಅದರ ಪಕ್ಕದಲ್ಲಿ ಜಾಹೀರಾತು ಹಚ್ಚಿ, ಸುಂಕವನ್ನು ಎರಡು ಸಲ ಎತ್ತುತ್ತಾನೆ.

ಹೊತ್ತು ಹಾಳಾಗುವುದೊಂದೇ ಆಗಿದ್ದರೆ ಸಹಿಸಬಹುದಿತ್ತು. ಇದರಿಂದ ಆಟವೇ ಕೆಡುತ್ತದೆಂಬುದು ನನ್ನ ದೊಡ್ಡ ಆಕ್ಷೇಪಣೆ. ಹದಿನೈದು ಕ್ಷಣದ ತುಣುಕಿನಲ್ಲಿ ಕಣ್ಣು ಕುಕ್ಕುವುದು ಯಾವುದು? ಸ್ಫೋಟ, ಓಟ, ವಿಚಿತ್ರ ಪ್ರಾಣಿ, ಬಿದ್ದು ಹೊರಳುವ ಮನುಷ್ಯ. ಆಡುವವನು ಅರ್ಧ ಗಂಟೆ ತಲೆ ಕೆಡಿಸಿಕೊಂಡು ಒಂದು ಒಗಟನ್ನು ಬಿಡಿಸಿದಾಗ ಆಗುವ ಸಂತೋಷ ತುಣುಕಿಗೆ ಸಿಕ್ಕುವುದಿಲ್ಲ. ಮಗನ ಮುಂದೆ ತಟ್ಟೆ ಇಟ್ಟು ಸುಮ್ಮನೆ ನಿಂತ ತಾಯಿಯ ಮೌನವೂ ಸಿಕ್ಕುವುದಿಲ್ಲ. ದಿನವೂ ತುಣುಕು ಹಾಕಬೇಕಾದವನು ಕ್ರಮೇಣ ತುಣುಕಿಗಾಗಿಯೇ ಆಟ ಕಟ್ಟತೊಡಗುತ್ತಾನೆ. ಮುತ್ತೈದೆಯನ್ನು ಆರತಿಗೆ ಕರೆದು ಛಾಯಾಚಿತ್ರಕ್ಕಾಗಿ ನಾಲ್ಕು ಸಲ ಆರತಿ ಎತ್ತಿಸುವ ಈಗಿನ ಮದುವೆಗಳನ್ನು ನೆನೆಸಿಕೊಳ್ಳಿ. ಅಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ಮುಹೂರ್ತ ಮೀರಿರುತ್ತದೆ.

ಇನ್ನೊಂದು ಕೇಡು, ಮಾತು ಕೆಲಸಕ್ಕಿಂತ ಮುಂದೆ ಓಡುವುದು. ಇಂಗ್ಲೆಂಡಿನ ಹಲೋ ಗೇಮ್ಸ್ ಎಂಬ ಸಣ್ಣ ತಂಡ ‘ನೋ ಮ್ಯಾನ್ಸ್ ಸ್ಕೈ’ ಆಟದ ವಿಷಯದಲ್ಲಿ ವರ್ಷಗಟ್ಟಲೆ ಆಸೆಯ ಗೋಪುರ ಎಬ್ಬಿಸಿತು. ೨೦೧೬ರ ಆಗಸ್ಟಿನಲ್ಲಿ ಆಟ ಹೊರಬಂದಾಗ, ಹೇಳಿದ್ದೆಲ್ಲ ಅದರಲ್ಲಿ ಇಲ್ಲವೆಂದು ಜನ ಸಿಡಿದೆದ್ದರು. ಹೊಗಳಿದ ಜಾಲತಾಣಗಳೇ ಬೈಗುಳದ ಮಳೆ ಸುರಿಸಿದವು. ಆಮೇಲೆ ತಂಡ ಏನು ಮಾಡಿತು? ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕುಳಿತಿತು. ವರ್ಷದ ಮೇಲೆ ವರ್ಷ ಬೆಲೆ ಕೇಳದೆ ಆಟವನ್ನು ಬೆಳೆಸಿ, ಹೋದ ಮಾನವನ್ನು ಮರಳಿ ಸಂಪಾದಿಸಿತು. ಅದರ ಮಾನ ಕಳೆದದ್ದು ಪ್ರಚಾರ, ಉಳಿಸಿದ್ದು ದುಡಿಮೆ.

‘ಅಮಾಂಗ್ ಅಸ್’ ಕಥೆ ಕೇಳಿಲ್ಲವೇ ಎಂದು ಉಪದೇಶಕರು ಇಲ್ಲಿ ಅಡ್ಡ ಬರುತ್ತಾರೆ. ಕೇಳಿದ್ದೇನೆ. ಅಮೆರಿಕದ ಇನ್ನರ್‌ಸ್ಲಾತ್ ಎಂಬ ಕೆಲವೇ ಜನರ ತಂಡ ೨೦೧೮ರಲ್ಲಿ ಆ ಆಟವನ್ನು ಹೊರತಂದಿತು. ಎರಡು ವರ್ಷ ಹೆಚ್ಚು ಜನ ಮೂಸಲಿಲ್ಲ. ೨೦೨೦ರಲ್ಲಿ ಲೋಕವೆಲ್ಲ ಮನೆಯೊಳಗೆ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ತಾವು ಆಡುವುದನ್ನು ಟ್ವಿಚ್‌ನಲ್ಲಿ ಎಲ್ಲರಿಗೂ ತೋರಿಸುವ ಕೆಲವರು ಅದನ್ನು ಕೈಗೆತ್ತಿಕೊಂಡರು. ದೇಶದೇಶಗಳಲ್ಲಿ ಅದರದೇ ಮಾತಾಯಿತು. ಇದರಿಂದ ಸಿದ್ಧವಾಗುವುದೇನು? ಆಟ ಅದೇ. ಹೊಗಳಿದವರು ಬೇರೆಯವರು, ತಾವಾಗಿ ಮೆಚ್ಚಿ ಹೊಗಳಿದವರು. ದಿನವೂ ತಮಟೆ ಬಾರಿಸಿದ್ದರಿಂದ ಇದು ಆಯಿತೆಂದು ಯಾರು ಹೇಳಬಲ್ಲರು? ‘ಬಾಲಾಟ್ರೊ’ ಎಂಬ ಇಸ್ಪೀಟಿನ ಆಟ ೨೦೨೪ರ ಫೆಬ್ರವರಿಯಲ್ಲಿ ಬಂದು ಒಂದೇ ತಿಂಗಳಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. ಅದನ್ನು ಕಟ್ಟಿದ ಕೆನಡಾದ ಮನುಷ್ಯ ‘ಲೋಕಲ್‌ಥಂಕ್’ ಎಂಬ ಅಂಕಿತದ ಹಿಂದೆ ಮುಖ ಮರೆಸಿಕೊಂಡೇ ಉಳಿದ. ಪ್ರಚಾರದ ಹೊಣೆಯನ್ನು ಪ್ರಕಾಶಕರು ಹೊತ್ತರು. ನಮ್ಮ ನಾಟಕ ಕಂಪನಿಗಳ ನೀತಿಯೂ ಅದೇ ಆಗಿತ್ತು: ಹ್ಯಾಂಡ್‌ಬಿಲ್ ಹಂಚುತ್ತ ಜಟಕಾದಲ್ಲಿ ಊರು ಸುತ್ತುವವನು ಬೇರೆ, ರಾತ್ರಿ ಬಣ್ಣ ಹಚ್ಚುವವನು ಬೇರೆ.

ಅದೃಷ್ಟ ಒಲಿದರೂ ಸುಖವುಂಟೆಂಬ ಭರವಸೆಯಿಲ್ಲ. ವಿಯೆಟ್ನಾಮಿನ ಡಾಂಗ್ ನುಯೆನ್ ೨೦೧೩ರಲ್ಲಿ ಕಟ್ಟಿದ ‘ಫ್ಲಾಪಿ ಬರ್ಡ್’ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇದ್ದು, ೨೦೧೪ರ ಆರಂಭದಲ್ಲಿ ಇದ್ದಕ್ಕಿದ್ದಂತೆ ಎಲ್ಲ ದೇಶಗಳ ಮೊಬೈಲುಗಳಿಗೆ ಹಾರಿತು. ಹಣ ಹರಿದು ಬರುತ್ತಿದ್ದಾಗಲೇ, ಆ ಗದ್ದಲವನ್ನು ತಾಳಲಾರೆನೆಂದು ಅವನು ಫೆಬ್ರವರಿಯಲ್ಲಿ ಆಟವನ್ನು ಅಂಗಡಿಯಿಂದ ಹಿಂತೆಗೆದುಕೊಂಡ. ಜನಪ್ರಿಯತೆಯನ್ನೇ ಪರಮಪದವೆಂದು ಸಾರುವವರು ಈ ಮನುಷ್ಯನ ಹೆಸರನ್ನು ತಮ್ಮ ಪಟ್ಟಿಗೆ ಸೇರಿಸುವುದಿಲ್ಲ.

ಇನ್ನು ಕೂಲಿಯ ಹೊಗಳಿಕೆಯ ಮಾತು. ಬಾಯಿಮಾತಿಗೆ ಬೆಲೆಯಿದೆ ಎಂದು ತಿಳಿದೊಡನೆ ಬಾಯಿಯನ್ನು ಬಾಡಿಗೆಗೆ ಹಿಡಿಯುವವರು ಹುಟ್ಟುತ್ತಾರೆ. ೨೦೧೪ರಲ್ಲಿ ಬಂದ ‘ಶ್ಯಾಡೋ ಆಫ್ ಮಾರ್ಡಾರ್’ ಎಂಬ ಆಟವನ್ನು ಹೊಗಳಲು ವಾರ್ನರ್ ಬ್ರದರ್ಸ್ ಕಂಪನಿ ಯೂಟ್ಯೂಬಿನ ಪ್ರಸಿದ್ಧರಿಗೆ ಹಣ ಕೊಟ್ಟು, ಅದು ಹಣದ ಮಾತೆಂಬುದು ನೋಡುವವರಿಗೆ ಸರಿಯಾಗಿ ತಿಳಿಯುವಂತೆ ಮಾಡಲಿಲ್ಲವೆಂದು ಅಮೆರಿಕದ ವಾಣಿಜ್ಯ ಆಯೋಗ ಆರೋಪಿಸಿತು, ೨೦೧೬ರಲ್ಲಿ ರಾಜಿಯಾಯಿತು. ನಮ್ಮ ದೇಶದಲ್ಲಿಯೂ ಜಾಹೀರಾತುಗಳ ಗುಣಮಟ್ಟ ನೋಡುವ ಎಎಸ್‌ಸಿಐ ಸಂಸ್ಥೆ ೨೦೨೧ರಲ್ಲಿ, ಹಣ ಪಡೆದು ಹೇಳಿದ್ದನ್ನು ಹಣ ಪಡೆದೇ ಹೇಳಿದ್ದೆಂದು ತೋರಿಸಬೇಕೆಂಬ ನಿಯಮ ಮಾಡಿತು. ಈ ಪಂದ್ಯದಲ್ಲಿ ಗೆಲ್ಲುವವನು ದೊಡ್ಡ ಥೈಲಿಯವನು. ಸಣ್ಣವನನ್ನು ಇದಕ್ಕೆ ಇಳಿಸುವುದೆಂದರೆ ಗರಡಿಯಲ್ಲಿ ಕಾಲಿಡದವನನ್ನು ದಸರೆಯ ಕುಸ್ತಿಗೆ ನೂಕಿದ ಹಾಗೆ.

ಹಾಗಾದರೆ ಕಟ್ಟಿದವನು ಬಾಯಿ ಹೊಲಿದುಕೊಂಡು ಕೂರಬೇಕೆ? ಬೇಡ. ತಿಳಿಸುವುದು ಒಂದು, ಬಾರಿಸುವುದು ಇನ್ನೊಂದು. ಅಮೆರಿಕದ ಎರಿಕ್ ಬರೋನ್ ಬೇಸಾಯದ ಬದುಕನ್ನು ಕುರಿತ ‘ಸ್ಟಾರ್ಡ್ಯೂ ವ್ಯಾಲಿ’ ಆಟದ ಚಿತ್ರ, ಸಂಗೀತ, ಕಥೆ, ಲೆಕ್ಕ ಎಲ್ಲವನ್ನೂ ನಾಲ್ಕು ವರ್ಷಕ್ಕೂ ಮೀರಿ ಒಬ್ಬನೇ ಕೂತು ಮಾಡಿದ. ಹೊಟ್ಟೆಪಾಡಿಗೆ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಕುರ್ಚಿ ತೋರಿಸುವ ಕೆಲಸ ಮಾಡುತ್ತಿದ್ದ. ಆಗಾಗ ತನ್ನ ಜಾಲಪುಟದಲ್ಲಿ ಕೆಲಸ ಎಲ್ಲಿಗೆ ಬಂತೆಂದು ಬರೆದ. ೨೦೧೬ರಲ್ಲಿ ಬಂದ ಆ ಆಟ ೨೦೨೪ರ ಕೊನೆಯ ವೇಳೆಗೆ ನಾಲ್ಕು ಕೋಟಿ ಪ್ರತಿಗಳನ್ನು ದಾಟಿತು. ಎಲ್ಲರಿಗೂ ಈ ಭಾಗ್ಯ ಬರುವುದಿಲ್ಲ. ಆದರೆ ಈ ಮರ್ಯಾದೆ ಎಲ್ಲರಿಗೂ ಸಾಧ್ಯ. ಆಟದ ಒಂದು ಭಾಗವನ್ನು ಬಿಟ್ಟಿಯಾಗಿ ಆಡಲು ಕೊಡಲಿ. ಸ್ಟೀಮ್‌ನವರೇ ಅದಕ್ಕೆಂದು ‘ನೆಕ್ಸ್ಟ್ ಫೆಸ್ಟ್’ ಎಂಬ ಮೇಳ ನಡೆಸುತ್ತಾರೆ. ಇಷ್ಟಪಟ್ಟವರ ಇಮೇಲ್ ವಿಳಾಸಗಳನ್ನು ಅವರ ಒಪ್ಪಿಗೆ ಪಡೆದು ತನ್ನಲ್ಲೇ ಇಟ್ಟುಕೊಳ್ಳಲಿ; ಕಟ್ಟೆಗಳು ಮುಚ್ಚಿದರೂ ಆ ಪಟ್ಟಿ ಅವನದೇ. ತಿಂಗಳಿಗೊಮ್ಮೆ ಹೇಳುವುದಿದ್ದರೆ ಹೇಳಲಿ. ಇಲ್ಲದಿದ್ದರೆ ಕೆಲಸ ಮಾಡಲಿ.

ಉಳಿದ ಹೊಣೆ ನಮ್ಮದು. ಪುಣೆಯ ತಂಡ ‘ರಾಜಿ’ಗಾಗಿ ೨೦೧೭ರಲ್ಲಿ ಜನರಿಂದ ಚಂದಾ ಕೇಳಿದಾಗ ಕಿಕ್‌ಸ್ಟಾರ್ಟರಿನಲ್ಲಿ ಗುರಿಯ ಮೊತ್ತ ಕೂಡಲಿಲ್ಲ. ಹೇಗೋ ತಡೆದುಕೊಂಡು ಆಟವನ್ನು ಮುಗಿಸಿದರು. ೨೦೨೦ರಲ್ಲಿ ಅಮೆರಿಕದ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಚೊಚ್ಚಲ ಆಟದ ಸ್ಪರ್ಧೆಗೆ ಅದು ಆಯ್ಕೆಯಾಯಿತು. ಅಂಥದೊಂದು ಆಟ ನಮ್ಮ ನೆರೆಯ ರಾಜ್ಯದಲ್ಲಿ ಹುಟ್ಟಿತೆಂದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು? ಸಿನಿಮಾ ಬಿಡುಗಡೆಯಾದ ಮರುದಿನ ವಿಮರ್ಶೆ ಅಚ್ಚಾಗುತ್ತದೆ. ಕಾದಂಬರಿಗೆ, ಚಿತ್ರಪ್ರದರ್ಶನಕ್ಕೆ, ಸಂಗೀತ ಕಚೇರಿಗೆ ಪುಟಗಳಿವೆ. ಆಟಕ್ಕೆ ಇರುವ ವಿಮರ್ಶಕರು ಎಷ್ಟು ಜನ? ವಿಮರ್ಶಕನಿಲ್ಲದ ಕಡೆ ಕರ್ತೃ ತನ್ನನ್ನು ತಾನೇ ಹೊಗಳಿಕೊಳ್ಳಬೇಕಾಗುತ್ತದೆ, ತಪ್ಪು ಅವನದಲ್ಲ.

ಆದುದರಿಂದ ಪತ್ರಿಕೆಗಳ ಸಂಪಾದಕರಲ್ಲಿ ನನ್ನದೊಂದು ಬೇಡಿಕೆ: ವಾರಕ್ಕೆ ಅರ್ಧ ಅಂಕಣವನ್ನಾದರೂ ಇಂಥ ಆಟಗಳ ವಿಮರ್ಶೆಗೆ ಮೀಸಲಿಡಿ, ಕೆಟ್ಟದ್ದನ್ನು ಕೆಟ್ಟದ್ದೆಂದೇ ಬರೆಯಿಸಿ. ವಾಚಕರಲ್ಲಿ ಒಂದು: ಮನೆಯ ಹುಡುಗರು ಏನು ಆಡುತ್ತಿದ್ದಾರೆಂದು ಗದರುವ ಮೊದಲು ಅದನ್ನು ಕಟ್ಟಿದವರು ಯಾರೆಂದು ಕೇಳಿ. ಒಳ್ಳೆಯದೆಂದು ಕಂಡರೆ ಕದ್ದ ಪ್ರತಿಯನ್ನು ಬಿಟ್ಟು ಬೆಲೆ ಕೊಟ್ಟು ಕೊಳ್ಳಿ, ನಾಲ್ಕು ಜನಕ್ಕೆ ಹೇಳಿ. ಉಪದೇಶಕ ಮಹಾಶಯರಲ್ಲಿ ಕೊನೆಯದೊಂದು: ಆಟ ಕಟ್ಟುವವನ ಕೊರಳಿನಿಂದ ತಮಟೆಯನ್ನು ದಯವಿಟ್ಟು ಇಳಿಸಿ. ಅವನಿಗೆ ಕೆಲಸವಿದೆ.