ಮನೆಯ ಮಾತು: ಉಪಕಾರಸ್ಮರಣೆಯ ಪುಟ

ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಬಂಧುಗಳ ಮನೆಗೆ ನಾವು ಈಚೆಗೆ ಹೋಗಿದ್ದೆವು. ಆ ಮನೆಯ ಕಿರಿಯ ಮಗಳು ಡಾಕ್ಟರೇಟ್ ಪದವಿಗೆಂದು ಆರು ವರ್ಷ ದುಡಿದು ಬರೆದ ಮಹಾಪ್ರಬಂಧವು ಅಂಗೀಕೃತವಾಗಿತ್ತು. ಮನೆಯವರು ಹೋಳಿಗೆಯ ಅಡಿಗೆ ಮಾಡಿಸಿ ನೆಂಟರಿಷ್ಟರನ್ನು ಕರೆದಿದ್ದರು. ಕೆಂಪು ರಟ್ಟಿನ ಆ ದಪ್ಪ ಗ್ರಂಥವನ್ನು ದೇವರ ಜಗುಲಿಯ ಮೇಲಿಟ್ಟು ಅರಿಸಿನ ಕುಂಕುಮ ಏರಿಸಿದ್ದರು. ಮುಂಗಾರಿನ ಉದ್ದು ಹೆಸರುಗಳನ್ನು ಮಾರಿದಾಗ ಸಣ್ಣ ರೈತನ ಕೈಗೆ ನಿಜವಾಗಿ ಬರುವ ಪಾಲೆಷ್ಟು ಎಂಬುದು ಅದರ ವಿಷಯ.

ಊಟಕ್ಕೆ ಮುಂಚೆ ತಾಯಿಯು ಮಗಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, "ಇದರಾಗ ನಮ್ಮ ಹೆಸರು ಅದ ಏನವ್ವಾ?" ಎಂದು ಕೇಳಿದಳು. ಆಕೆಗೆ ಅಕ್ಷರ ಬಾರದು. "ಅದ ಅವ್ವಾ" ಎಂದು ಮಗಳು ಹೇಳಲು, "ಹಂಗಾರ ಓದು, ಕೇಳ್ತೀನಿ" ಎಂದಳು.

ಹುಡುಗಿಯು ಉಪಕಾರಸ್ಮರಣೆಯ ಪುಟವನ್ನು ತೆರೆದು ಓದತೊಡಗಿದಳು. ಮೊದಲು ಮಾರ್ಗದರ್ಶಕರು, ಬಳಿಕ ವಿಭಾಗದ ಮುಖ್ಯಸ್ಥರು, ಬಳಿಕ ಅಧಿಕಾರಿಗಳು, ಪುಸ್ತಕಭಂಡಾರದವರು, ಬೆರಳಚ್ಚು ಮಾಡಿಕೊಟ್ಟವರು. ಎರಡೂವರೆ ಪುಟಗಳ ತುಂಬ ದೊಡ್ಡ ದೊಡ್ಡ ಸಮಾಸಗಳು. ಕಟ್ಟಕಡೆಗೆ, ತಂದೆತಾಯಿಗಳ ಹಾಗೂ ಕುಟುಂಬವರ್ಗದವರ ಆಶೀರ್ವಾದಕ್ಕೆ ಚಿರಋಣಿ ಎಂಬ ಒಂದು ವಾಕ್ಯ. ತಾಯಿಗೆ 'ತಂದೆತಾಯಿ' ಎಂಬ ಮಾತೊಂದು ತಿಳಿಯಿತು. ಆಕೆ ಅಷ್ಟಕ್ಕೇ ಕಣ್ಣೊರೆಸಿಕೊಂಡಳು. ಆದರೆ ಹೋಳಿಗೆಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ಹಿರಿಯ ಮಗಳು, "ಹೋಳಿಗಿ ಆರ್ತಾವ, ಏಳ್ರಿ" ಎಂದು ಹೇಳಿ ಒಳಕ್ಕೆ ನಡೆದಳು. ಓದುತ್ತಿದ್ದವಳು ತಲೆಯೆತ್ತಿ ಅಕ್ಕನ ಬೆನ್ನನ್ನು ನೋಡಿದಳು. ಅವಳ ಮುಖವು ಬಾಡಿತು. ಅಲ್ಲಿದ್ದವರಲ್ಲಿ ಯಾರೂ ಮಾತನಾಡಲಿಲ್ಲ.

ಆ ಮೌನದ ಕಾರಣವನ್ನು ವಾಚಕರಿಗೆ ತಿಳಿಸುವುದು ಅವಶ್ಯ. ಹಿರಿಯಳು ಏಳನೆಯ ತರಗತಿಯಲ್ಲಿದ್ದಾಗ ತಾಯಿಯು ಬಹುಕಾಲ ಹಾಸಿಗೆ ಹಿಡಿದಳು. ಇಬ್ಬರಲ್ಲಿ ಒಬ್ಬಳು ಮನೆಯಲ್ಲಿ ನಿಲ್ಲಬೇಕಾಯಿತು, ಹಿರಿಯಳು ನಿಂತಳು. ತಂಗಿಯು ಬೀದರದ ವಸತಿಗೃಹದಲ್ಲಿದ್ದಷ್ಟು ಕಾಲವೂ ವಾರಕ್ಕೊಮ್ಮೆ ಕಟಕು ಜೋಳದ ರೊಟ್ಟಿ, ಶೇಂಗಾ ಹಿಂಡಿಗಳ ಗಂಟನ್ನು ಕಟ್ಟಿ, ಔರಾದದ ನಿಲ್ದಾಣಕ್ಕೆ ನಡೆದು, ಬೀದರದ ಬಸ್ಸಿಗೆ ಒಪ್ಪಿಸಿ ಬಂದವಳು ಇವಳೇ. ಒಂದು ವರ್ಷ ವಿದ್ಯಾರ್ಥಿವೇತನ ತಡವಾದಾಗ, ತಾನೇ ಸಾಕಿ ಬೆಳೆಸಿದ ದೇವಣಿ ಜಾತಿಯ ಕಡಸನ್ನು ಮಾರಲು ಒಪ್ಪಿದವಳೂ ಇವಳೇ. ಇಷ್ಟೇ ಅಲ್ಲ, ಪ್ರತಿವರ್ಷ ಕಾಳು ಮಾರಿದಾಗ ಅಡತಿ ಅಂಗಡಿಯವರು ಕೊಟ್ಟ ಪಟ್ಟಿಗಳನ್ನು, ತೂಕ, ದರ, ಹಮಾಲಿ, ಕಡಿತ ಇವೆಲ್ಲ ಬರೆದ ಆ ಚೀಟಿಗಳನ್ನು, ಒಂದನ್ನೂ ಬಿಡದೆ ತಗಡಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಮಹಾಪ್ರಬಂಧದ ಮೂರನೆಯ ಅಧ್ಯಾಯವು ಆ ಚೀಟಿಗಳಿಂದಲೇ ಆರಂಭವಾಗುತ್ತದೆ. ಆದುದರಿಂದ ಆಕೆಯನ್ನು ಒಡಹುಟ್ಟಿದವಳೆಂದು ಮಾತ್ರ ಕರೆದರೆ ಸಾಲದು; ಕೆಲಸದಲ್ಲಿ ಸಹೋದ್ಯೋಗಿಯೆಂದೂ ಕರೆಯಬೇಕು. ಆಕೆಯ ಹೆಸರು ಆ ಎರಡೂವರೆ ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ನಾವು ಕಿರಿಯಳನ್ನು ದೂಷಿಸಲಾರೆವು. ಈ ಪುಟವನ್ನು ಬರೆಯುವ ಪದ್ಧತಿಯೇ ಹೀಗೆ ನಡೆದು ಬಂದಿದೆ. ಹಿಂದಿನವರ ಪ್ರಬಂಧವನ್ನು ಮುಂದಿಟ್ಟುಕೊಂಡು, ಹೆಸರುಗಳನ್ನು ಬದಲಿಸಿ, ಎಲ್ಲ ಮುಗಿದ ಮೇಲೆ ಕೊನೆಯ ರಾತ್ರಿಯ ಗಡಿಬಿಡಿಯಲ್ಲಿ ಇದನ್ನು ಬರೆಯುತ್ತಾರೆ. ಮರೆತರೆ ಮುನಿಯಬಹುದಾದವರನ್ನು ಮೊದಲು ನೆನೆಯುತ್ತಾರೆ. ಮರೆತರೂ ಮುನಿಯಲಾರರೆಂಬ ಧೈರ್ಯವಿರುವವರನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಪ್ರೀತಿಯ ಮೇಲಣ ಈ ಭರವಸೆಯು ಒಳ್ಳೆಯದೇ; ಆದರೆ ಪ್ರೀತಿಸುವವರಿಗೂ ತಮ್ಮ ಹೆಸರನ್ನು ಕೇಳುವ ಆಸೆಯುಂಟೆಂಬುದನ್ನು ನಾವು ಮರೆಯಬಾರದು.

ಉಪಕಾರವನ್ನು ಮರೆತ ದೊಡ್ಡ ಕಥೆಯೊಂದು ನಮ್ಮ ಬೀದರ ನಗರದಲ್ಲಿಯೇ ಕಲ್ಲಾಗಿ ನಿಂತಿದೆ. ಪರ್ಷಿಯಾದ ಗಿಲಾನದಿಂದ ಬಂದು ಬಹಮನೀ ರಾಜ್ಯದ ಪ್ರಧಾನಿಯಾದ ಮಹಮೂದ ಗವಾನನು 1472ರಲ್ಲಿ ಇಲ್ಲಿ ಮೂರು ಅಂತಸ್ತಿನ ಮದರಸಾ ಕಟ್ಟಿಸಿದನು. ಅದರಲ್ಲಿ ಪಾಠದ ಮಂದಿರಗಳು, ವಿದ್ಯಾರ್ಥಿಗಳಿಗೂ ಆಚಾರ್ಯರಿಗೂ ವಾಸದ ಕೊಠಡಿಗಳು, ದೊಡ್ಡ ಪುಸ್ತಕಭಂಡಾರ ಇದ್ದವು. ರಾಜ್ಯವನ್ನು ಬೆಳೆಸಿ, ವಿದ್ಯೆಗೆ ಮನೆ ಕಟ್ಟಿದ ಆ ವೃದ್ಧನನ್ನು, ಹಗೆಗಳು ಸೃಷ್ಟಿಸಿದ ಕಪಟಪತ್ರವನ್ನು ನಂಬಿ, 1481ರಲ್ಲಿ ಸುಲ್ತಾನ ಮೂರನೆಯ ಮಹಮ್ಮದ ಶಾಹನು ಕೊಲ್ಲಿಸಿದನು. ಮರುವರ್ಷವೇ ಸುಲ್ತಾನನೂ ತೀರಿಕೊಂಡನು. ಮುಂದೆ ರಾಜ್ಯವು ಒಡೆದು ಐದು ಪಾಲಾಯಿತು. 17ನೆಯ ಶತಮಾನದ ಕೊನೆಗೆ ಸಿಡಿಮದ್ದಿನ ಸ್ಫೋಟದಿಂದ ಮದರಸಾದ ಒಂದು ಭಾಗ ಕುಸಿಯಿತು. ಆದರೂ ಉಳಿದ ಒಂದು ಮಿನಾರವನ್ನೂ ಬಣ್ಣದ ಹೆಂಚುಗಳನ್ನೂ ತೋರಿಸುವ ಬೀದರದ ಜನರು ಅದನ್ನು ಕೊಲ್ಲಿಸಿದವನ ಹೆಸರಿನಿಂದ ಕರೆಯುವುದಿಲ್ಲ. ಕಟ್ಟಿದವನ ಹೆಸರಿನಿಂದಲೇ ಕರೆಯುತ್ತಾರೆ. ಅರಸನು ಸಲ್ಲಿಸದ ಕೃತಜ್ಞತೆಯನ್ನು ಊರು ಹೀಗೆ ಸಲ್ಲಿಸುತ್ತಿದೆ.

ನಮ್ಮ ಸೀಮೆಯ ಮಕ್ಕಳು ಹೊತ್ತ ಋಣ ಅಲ್ಲಿಗೇ ಮುಗಿಯುವುದಿಲ್ಲ. ನಿಜಾಮರ ಆಳಿಕೆಯಲ್ಲಿ ಸರಕಾರದ ವಿದ್ಯೆಯೆಂದರೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಶಿಕ್ಷಣಭಾಷೆಯೂ ಅದೇ. ಮಾತೃಭಾಷೆಯಲ್ಲಿ ಅಕ್ಷರ ಕಲಿಯುವುದೇ ಕನ್ನಡದ ಮಕ್ಕಳಿಗೆ ದುರ್ಲಭವಾಗಿದ್ದ ಆ ದಿನಗಳಲ್ಲಿ, ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡದ ಪಾಠ ನಡೆಸಿದರು. ಜೋಳಿಗೆ ಹಿಡಿದು ಊರೂರು ತಿರುಗಿ ಮಕ್ಕಳ ಅನ್ನಕ್ಕೂ ಓದಿಗೂ ದಾರಿಮಾಡಿದರು. ಆ ಜೋಳಿಗೆಗೆ ಹಿಟ್ಟು ಕಾಳು ಹಾಕಿದ ತಾಯಂದಿರಲ್ಲಿ ಒಬ್ಬರ ಹೆಸರಾದರೂ ಯಾವ ಪುಸ್ತಕದಲ್ಲಿ ದಾಖಲಾಗಿದೆ? 1999ರಲ್ಲಿ ಲಿಂಗೈಕ್ಯರಾದ ಪೂಜ್ಯರನ್ನು ನಾವೆಲ್ಲ ಸ್ಮರಿಸುತ್ತೇವೆ. ಹಿಟ್ಟಿನ ಹಿಡಿಯನ್ನು ಸ್ಮರಿಸುವವರು ಕಡಿಮೆ.

1948ರಲ್ಲಿ ನಿಜಾಮರ ಆಳಿಕೆ ಕೊನೆಗೊಂಡಿತು. 1956ರಲ್ಲಿ ಬೀದರವು ಕನ್ನಡ ನಾಡಿನೊಡನೆ ಸೇರಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ, 2004ರಲ್ಲಿ ಬೀದರದಲ್ಲಿಯೇ ಪಶುವೈದ್ಯ ವಿಶ್ವವಿದ್ಯಾಲಯವೂ ಸ್ಥಾಪಿತವಾದವು. ಹುಮನಾಬಾದದ ಮಾರ್ಗವಾಗಿ ಬಸ್ಸಿನಲ್ಲಿ ಕುಲುಕುತ್ತ ಕಲಬುರ್ಗಿಗೆ ಹೋಗುತ್ತಿದ್ದವರಿಗೆ 2017ರಿಂದ 110 ಕಿಲೋಮೀಟರಿನ ರೈಲು ದಾರಿಯೂ ಆಯಿತು. ಇಷ್ಟೆಲ್ಲ ಅನುಕೂಲ ಒದಗಿದರೂ, ಹಳ್ಳಿಯ ಹೆಣ್ಣುಮಗಳೊಬ್ಬಳು ಉನ್ನತ ವ್ಯಾಸಂಗವನ್ನು ಮುಗಿಸಬೇಕಾದರೆ ಇಂದಿಗೂ ಮನೆಯಲ್ಲಿ ಯಾರಾದರೂ ಒಬ್ಬರು ತಮ್ಮ ಪಾಲಿನದನ್ನು ಬಿಟ್ಟುಕೊಡಬೇಕಾಗುವುದು. ಅಂಥವರನ್ನು ಗುರುತಿಸುವುದೇ ಈ ಪುಟದ ಮುಖ್ಯ ಕೆಲಸವೆಂದು ನಮ್ಮ ಅಭಿಪ್ರಾಯ.

ಆದುದರಿಂದ ವ್ಯಾಸಂಗವನ್ನು ಮುಗಿಸುತ್ತಿರುವ ತರುಣ ತರುಣಿಯರಿಗೆ ನಮ್ಮ ಕೆಲವು ಬಿನ್ನಹಗಳಿವೆ. ಈ ಪುಟವನ್ನು ಕೊನೆಯ ರಾತ್ರಿಗೆ ಉಳಿಸಬೇಡಿರಿ. ಮೊದಲ ವರ್ಷದಿಂದಲೇ ಒಂದು ವಹಿಯಲ್ಲಿ ಹೆಸರುಗಳನ್ನು ಬರೆದಿಡಿರಿ. ವಿಶೇಷಣಗಳನ್ನು ಪೋಣಿಸುವ ಬದಲು ಮಾಡಿದ ಉಪಕಾರವನ್ನೇ ಹೇಳಿರಿ: ಯಾರು ಜ್ವರದಲ್ಲಿ ಗಂಜಿ ಕಾಸಿದರು, ಯಾವ ಗೆಳತಿಯು ತನ್ನ ಟಿಪ್ಪಣಿಗಳನ್ನು ಕೊಟ್ಟಳು, ಪುಸ್ತಕಭಂಡಾರದ ಯಾವ ಸೇವಕನು ಬಾಗಿಲು ಮುಚ್ಚುವ ಹೊತ್ತು ಮೀರಿದರೂ ದೀಪ ಆರಿಸದೆ ಕಾದನು ಎಂಬುದನ್ನು ಬರೆಯಿರಿ. ಗುರುಗಳಿಗೂ ಹೊಗಳಿಕೆಗಿಂತ ಅವರು ತಿದ್ದಿದ ಒಂದು ತಪ್ಪನ್ನು ನೆನೆದರೆ ಹೆಚ್ಚು ಸಂತೋಷವಾದೀತು. ಜೊತೆಯಲ್ಲಿ ದುಡಿದವರನ್ನು, ಅವರ ಪ್ರಬಂಧವು ಇನ್ನೂ ಮುಗಿಯದಿದ್ದರೆ ವಿಶೇಷವಾಗಿ, ಸ್ಮರಿಸಿರಿ. ನೀವು ಹೊರಟ ಮೇಲೆ ಆ ಕೊಠಡಿಯಲ್ಲಿ ಒಂಟಿಯಾಗುವವರು ಅವರು. ಬರೆದುದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಕೇಳಿಸಿರಿ. ಮನೆಯವರಿಗೆ ತಿಳಿಯದ ಮಾತುಗಳಿದ್ದರೆ ಅವನ್ನು ತೆಗೆದುಹಾಕಿರಿ.

ಹಿರಿಯರಿಗೂ ಒಂದು ಮಾತು. ಮಕ್ಕಳು ಮರೆತರೆಂದು ಮನಸ್ಸಿನಲ್ಲಿಯೇ ನೊಂದುಕೊಂಡು ಹೋಳಿಗೆಯ ನೆವ ಹೇಳಬೇಡಿರಿ. "ನನ್ನ ಹೆಸರೆಲ್ಲಿ?" ಎಂದು ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ, ಆ ಮನೆಯ ತಾಯಿಯು ಹಾಗೆ ಕೇಳಿದ್ದರಿಂದಲೇ ಲೋಪವು ಬೆಳಕಿಗೆ ಬಂದಿತು.

ಅಂದು ರಾತ್ರಿ ನಾವು ಅಲ್ಲಿಯೇ ತಂಗಿದ್ದೆವು. ಎಲ್ಲರೂ ಮಲಗಿದ ಮೇಲೆಯೂ ಕಿರಿಯಳು ದೀಪದ ಕೆಳಗೆ ಕುಳಿತು ಬರೆಯುತ್ತಿದ್ದಳು. ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರತಿಯನ್ನು ಇನ್ನು ತಿದ್ದುವಂತಿಲ್ಲ. ಆದರೆ ಮನೆಯ ಪ್ರತಿಯು ಮನೆಯವರದಷ್ಟೆ. ಬೆಳಗಾಗುವಷ್ಟರಲ್ಲಿ ಮೊದಲ ಪುಟಕ್ಕೂ ಮುಂಚೆ ಕೈಬರಹದ ಒಂದು ಹಾಳೆಯನ್ನು ಅಂಟಿಸಿದ್ದಳು. ಅದರಲ್ಲಿ ಅಕ್ಕನ ಹೆಸರು, ರೊಟ್ಟಿಯ ಗಂಟು, ಕಡಸು, ತಗಡಿನ ಡಬ್ಬಿ ಎಲ್ಲವೂ ಇದ್ದವು. ಪ್ರಬಂಧವು ಪುಸ್ತಕವಾಗಿ ಅಚ್ಚಾಗುವಾಗ ಈ ಹಾಳೆಯೇ ಮೊದಲನೆಯದಾಗುವುದೆಂದು ನಮಗೆ ಹೇಳಿದಳು.

ಹಿರಿಯಳು ಒಲೆಯ ಮುಂದೆ ಕುಳಿತು, ಏಳನೆಯ ತರಗತಿಯ ಓದಿನಿಂದ, ಅಕ್ಷರ ಅಕ್ಷರವಾಗಿ ಅದನ್ನು ಎರಡು ಸಲ ಓದಿದಳು. ಆಮೇಲೆ ಗ್ರಂಥವನ್ನು ಸೆರಗಿನಿಂದ ಒರೆಸಿ ತಂಗಿಯ ಕೈಗೆ ಕೊಟ್ಟು, "ಈ ವರ್ಷದ ಪಟ್ಟಿನೂ ಡಬ್ಬ್ಯಾಗ ಇಟ್ಟೀನಿ. ಬೇಕಾದ್ರ ತಗೋ" ಎಂದಳು.