ಆರು ವರ್ಷ ತುಂಬುವವರೆಗೆ ಕಾಯಿಸಬೇಡಿ



1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ನಮ್ಮ ತಿ. ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಐವತ್ತು ವರ್ಷ ತುಂಬಿದ ಈ ಯೋಜನೆಯ ತವರಿನಲ್ಲೇ ಒಂದು ಮಾತು ಕೇಳಬೇಕಾಗಿದೆ: ನಡೆಯಲಾಗದ, ಕಿವಿ ಕೇಳದ, ಮಾತು ಬಾರದ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳು ಅಂಗನವಾಡಿಯಲ್ಲಿ ಏಕೆ ಇಷ್ಟು ವಿರಳ?

ನಂಜನಗೂಡು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಪಾಠ ಹೇಳಿದವನು ನಾನು. ಇಂಥ ಮಕ್ಕಳು ಆರು ತುಂಬಿದ ಮೇಲೆ ಮೊದಲ ಬಾರಿಗೆ ಮನೆಯ ಹೊಸ್ತಿಲು ದಾಟಿ ಬರುವುದನ್ನು ಕಂಡಿದ್ದೇನೆ. ಅಂಗನವಾಡಿಯ ದಾಖಲಾತಿಯಲ್ಲಿ ಹೆಸರಿರುತ್ತದೆ, ಪೌಷ್ಟಿಕ ಆಹಾರವೂ ಮನೆ ಸೇರುತ್ತದೆ. ಮಗು ಮಾತ್ರ ಕೇಂದ್ರಕ್ಕೆ ಬಂದಿರುವುದಿಲ್ಲ. ಓರಗೆಯವರ ಜೊತೆ ಕೂತು ಉಂಡು, ಆಡಿ, ಜಗಳವಾಡಿ ಕಲಿಯಬೇಕಾದ ಮೂರು ವರ್ಷ ಹಾಗೇ ಕಳೆದುಹೋಗಿರುತ್ತದೆ.

ಕಾನೂನೂ ಈ ವಯಸ್ಸಿನ ಮಕ್ಕಳ ವಿಷಯದಲ್ಲಿ ಕೈ ಬಿಗಿಹಿಡಿದಿದೆ. ಶಿಕ್ಷಣ ಹಕ್ಕು ಕಾಯ್ದೆಯ ಹಕ್ಕು ಶುರುವಾಗುವುದು 6ನೇ ವಯಸ್ಸಿಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಭರವಸೆ ನೀಡುವುದೂ 6ರಿಂದ 18 ವರ್ಷದವರಿಗೆ. ಆದರೆ ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎಂದು ಹೇಳಿರುವುದು ಸರ್ಕಾರದ್ದೇ ಆದ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಎಲ್ಲಕ್ಕಿಂತ ಹೆಚ್ಚು ನೆರವು ಬೇಕಾದ ವಯಸ್ಸಿಗೇ ಹಕ್ಕಿಲ್ಲ ಎಂದರೆ ಹೇಗೆ?

2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ವಿಕಲಚೇತನ ಮಕ್ಕಳಿಗಾಗಿಯೇ ಅಂಗನವಾಡಿ ಮಾರ್ಗಸೂಚಿ ಹೊರಡಿಸಿತು. ಬೇಗ ಗುರುತಿಸಿ, ಕೇಂದ್ರದಲ್ಲೇ ಸೇರಿಸಿಕೊಂಡು, ತಜ್ಞರ ಬಳಿಗೂ ಕಳಿಸಿ ಎಂಬುದು ಅದರ ಸಾರ. ಒಳ್ಳೆಯದೇ. ಆದರೆ ಅದನ್ನು ನಡೆಸುವ ಕೈಗಳು ಯಾವುವು? ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಪೋಷಣ್ ಟ್ರ್ಯಾಕರ್ ಆ್ಯಪ್, ಸಮೀಕ್ಷೆ, ಗರ್ಭಿಣಿ-ಬಾಣಂತಿಯರ ಲೆಕ್ಕ, ಮತದಾರರ ಪಟ್ಟಿ, ಎಲ್ಲವೂ ಅವರ ತಲೆಯ ಮೇಲಿದೆ. "ಇಂಥ ಮಕ್ಕಳನ್ನು ನಾವು ಹೇಗಮ್ಮ ನೋಡಿಕೊಳ್ಳೋದು?" ಎಂದು ಅವರು ತಾಯಂದಿರನ್ನು ಕೇಳಿದರೆ ಅದು ನಿರ್ದಯೆಯಲ್ಲ, ದಣಿವು. ಹಾಗೆಂದು ಮಗುವನ್ನು ದೂರದ ವಿಶೇಷ ಶಾಲೆಗೆ ಕಳಿಸಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮೂರು ವರ್ಷದ ಮಗು ತನ್ನ ಬೀದಿಯಲ್ಲೇ, ತನ್ನ ಓರಗೆಯವರ ಜೊತೆಯೇ ಬೆಳೆಯಬೇಕು. ಅದರ ಜೊತೆ ಆಡಿ ಬೆಳೆದ ಉಳಿದ ಮಕ್ಕಳೂ ಮುಂದೆ ಅದನ್ನು ಹೊರಗಿನವರಂತೆ ಕಾಣುವುದಿಲ್ಲ.

ನೆರವು ನೀಡಬೇಕಾದವರು ನಮ್ಮ ನಡುವೆಯೇ ಇದ್ದಾರೆ; ಹಂಚಿಹೋಗಿದ್ದಾರೆ, ಅಷ್ಟೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು; ಅದು ಆರೋಗ್ಯ ಇಲಾಖೆಯದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ವಿಕಲಚೇತನರ ಸಬಲೀಕರಣ ಇಲಾಖೆಗೆ ಸೇರಿದವರು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಶಿಕ್ಷಣ ಇಲಾಖೆಯವರು, ಅವರ ಕೆಲಸ ಶಾಲೆಗೆ ಸೇರಿದ ಮಕ್ಕಳ ಜೊತೆ. ಅಂಗನವಾಡಿ ಮಾತ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಒಂದೇ ಮಗುವಿಗೆ ನಾಲ್ಕು ಇಲಾಖೆ. ಮೈಸೂರಿನಲ್ಲಿ 1960ರ ದಶಕದಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶ್ರವಣದೋಷದ ಪುಟ್ಟ ಮಕ್ಕಳಿಗೆ ಕಲಿಸುವುದರ ಜೊತೆಗೆ ತಾಯಂದಿರಿಗೂ ತರಬೇತಿ ಕೊಡುತ್ತದೆ. ಆದರೆ ತಲಕಾಡು, ಬನ್ನೂರು, ಕವಲಂದೆ ಕಡೆಯ ಕೂಲಿ ತಾಯಿಗೆ ಮೈಸೂರಿಗೆ ಹೋಗುವುದೆಂದರೆ ಆ ದಿನದ ಕೂಲಿ ಹೋದಂತೆ. ಎರಡು ಸಲ ಹೋದವಳು ಮೂರನೆಯ ಸಲ ಹಿಂಜರಿದರೆ ತಪ್ಪು ಅವಳದಲ್ಲ.

ಆದ್ದರಿಂದ ಜಿಲ್ಲಾ ಪಂಚಾಯಿತಿಗೂ ತಿ. ನರಸೀಪುರ, ನಂಜನಗೂಡು ಎರಡೂ ತಾಲ್ಲೂಕಿನ ಶಾಸಕರಿಗೂ ನನ್ನ ಒತ್ತಾಯ ಇಷ್ಟು. ನಾಲ್ಕೂ ಇಲಾಖೆಯವರು ತಿಂಗಳಿಗೊಮ್ಮೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ ಒಂದೇ ಪಟ್ಟಿಯ ಮುಂದೆ ಕೂರಲಿ. ತಪಾಸಣೆಯಲ್ಲಿ ಗುರುತಾದ ಪ್ರತಿ ಮಗುವಿನ ಜೊತೆ ಪುನರ್ವಸತಿ ಕಾರ್ಯಕರ್ತರು ಆಸ್ಪತ್ರೆಯವರೆಗೂ ಹೋಗಲಿ. ಸಂಪನ್ಮೂಲ ಶಿಕ್ಷಕರು ಅಂಗನವಾಡಿಗೂ ಬಂದು ಕಾರ್ಯಕರ್ತೆಯ ಪಕ್ಕದಲ್ಲಿ ಕೂತು ಮಗುವಿಗೆ ಕಲಿಸುವ ಬಗೆ ತೋರಿಸಲಿ. ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗೆಂದು ತೆಗೆದಿಡುವ ಶೇ 5ರ ಹಣದಲ್ಲಿ ಇಳಿಜಾರು ಹಾದಿ, ಆಸರೆಯ ಕುರ್ಚಿ, ಮಕ್ಕಳು ಬಳಸಬಲ್ಲ ಶೌಚಾಲಯ, ತಾಯಿಯ ಪ್ರಯಾಣದ ಖರ್ಚು ಇವಿಷ್ಟಕ್ಕೆ ಮೊದಲ ಪಾಲು ಸಿಗಲಿ. ಇಂಥ ಮಗುವಿರುವ ಕೇಂದ್ರಕ್ಕೆ ತರಬೇತಿ ಪಡೆದ ಇನ್ನೊಬ್ಬ ಸಹಾಯಕಿಯನ್ನು ಕೊಡದೆ ಮಾರ್ಗಸೂಚಿ ಪಾಲಿಸಿ ಎನ್ನುವುದು ನ್ಯಾಯವಲ್ಲ.

ರಾಜ್ಯದ ಮೊದಲ ಅಂಗನವಾಡಿಗಳನ್ನು ಕಂಡ ತಾಲ್ಲೂಕು ಈ ಕೆಲಸದಲ್ಲೂ ಮೊದಲಾಗಲಿ, ನೆರೆಯ ನಂಜನಗೂಡು ಜೊತೆಗೂಡಲಿ. ಬರುವ ಜೂನ್‌ನಲ್ಲಿ ಒಂದನೇ ತರಗತಿಗೆ ಬರಲಿರುವ ಈ ಮಕ್ಕಳ ಹೆಸರು ಅಂಗನವಾಡಿಯ ದಾಖಲೆಯಲ್ಲಿ ಈಗಾಗಲೇ ಇದೆ. ಅವರ ಮನೆಗಳಿಗೆ ಈ ತಿಂಗಳೇ ಹೋಗಿ.

— ನಿವೃತ್ತ ಶಿಕ್ಷಕ, ನಂಜನಗೂಡು ತಾಲ್ಲೂಕು